ಕೈಗುಣಕ್ಕೆ ಓಟು, ನೀರಿಗೆ ಯಾರು?

ಕಳೆದ ತಿಂಗಳು ಊರಿಂದ ಫೋನ್ ಬಂತು. ನಮ್ಮ ಭಾಗದ ಹಿರಿಯ ವೈದ್ಯರೊಬ್ಬರಿಗೆ ಅಭಿನಂದನ ಗ್ರಂಥ ತರುತ್ತಿದ್ದಾರಂತೆ. ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದವರು, ನಡುವೆ ರಾಜಕೀಯಕ್ಕೂ ಹೋಗಿ ಬಂದವರು. "ನೀನು ಪಿಎಚ್.ಡಿ. ಮಾಡ್ತಿದೀಯ, ನಾಲ್ಕು ಪುಟ ಬರೆದುಕೊಡು. ನಿಮ್ಮ ಮನೆಗೂ ಅವರಿಗೂ ಹಳೇ ನಂಟು. ಅವರ ಕೈಗುಣದ ಬಗ್ಗೆ ಬರಿ ಸಾಕು, ರಾಜಕೀಯ ಎಲ್ಲ ಬೇಡ" ಎಂದರು ಸಮಿತಿಯವರು.

ಆ ಕೊನೆಯ ಮಾತು ತಲೆಯಿಂದ ಹೋಗಲಿಲ್ಲ. ಎರಡು ಅವಧಿ ಜನರ ಓಟು ಪಡೆದು ಅಧಿಕಾರದಲ್ಲಿ ಕುಳಿತ ಮನುಷ್ಯನ ಬದುಕನ್ನು ಬರೆಯುವಾಗ ಆ ಎರಡು ಅವಧಿಯನ್ನು ಬಿಟ್ಟು ಬರೆಯಬೇಕು. ಬಿಟ್ಟರೇ ಚೆಂದ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಇಷ್ಟು ಸಲೀಸಾಗಿ ನಾವು ಒಪ್ಪಿಕೊಂಡಿರುವ ಈ ಪದ್ಧತಿಯ ವಿರುದ್ಧ ಈ ಬರಹ.

ನನ್ನ ಸಂಶೋಧನೆಯ ವಿಷಯ ಕನ್ನಡದ ಜೀವನಚರಿತ್ರೆಗಳು. ಹಾಗಾಗಿ ಬೇರೆಯವರು ಸಮಾರಂಭದಲ್ಲಿ ಕೈಗೆ ತಗೊಂಡು ಮನೆಯ ಅಟ್ಟಕ್ಕೆ ಹಾಕುವ ಅಭಿನಂದನ ಗ್ರಂಥಗಳನ್ನು ನಾನು ಮುನ್ನುಡಿಯಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತೇನೆ. ರಾಜಕೀಯಕ್ಕೆ ಬಂದ ಹಳ್ಳಿ ಡಾಕ್ಟರ ಬದುಕಿಗೆ ಅವುಗಳಲ್ಲಿ ಒಂದು ಅಚ್ಚು ಇದೆ. ಬಡತನದ ಬಾಲ್ಯ, ಬೀದಿದೀಪದ ಓದು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸ್ಸು. ಅಮಾವಾಸ್ಯೆಯ ರಾತ್ರಿ, ಎತ್ತಿನ ಗಾಡಿ, ಲಾಟೀನು, ಕಷ್ಟದ ಹೆರಿಗೆ, ತಾಯಿ ಮಗು ಕ್ಷೇಮ. ಫೀಸು ಕೊಡಲು ಸೆರಗಿನ ಗಂಟು ಬಿಚ್ಚಿದ ಮುದುಕಿಗೆ ಇವರೇ ಬಸ್ ಚಾರ್ಜು ಕೊಟ್ಟು ಕಳಿಸಿದ್ದು. ಆಮೇಲೆ ಊರ ಹಿರಿಯರು ಕಾಡಿ ಬೇಡಿ ಚುನಾವಣೆಗೆ ನಿಲ್ಲಿಸಿದ್ದು, ಇವರು ಒಲ್ಲದ ಮನಸ್ಸಿನಿಂದ ಒಪ್ಪಿದ್ದು. ಅಲ್ಲಿಗೆ ಕಥೆ ಮುಗಿಯುತ್ತದೆ. ಮುಂದಿನ ಅಧ್ಯಾಯ ನೇರವಾಗಿ ಅರವತ್ತನೇ ಹುಟ್ಟುಹಬ್ಬ.

ಗೆದ್ದ ಮೇಲೆ ಏನು ಮಾಡಿದರು? ಸಭೆಯಲ್ಲಿ ಎದ್ದು ನಿಂತು ಏನು ಕೇಳಿದರು? ಅವರು ರಾಜಕೀಯಕ್ಕೆ ಬರುವ ಮೊದಲು ಊರಲ್ಲಿದ್ದ ಯಾವ ಕಾಯಿಲೆ ಅವರು ಹೋಗುವ ಹೊತ್ತಿಗೆ ಕಡಿಮೆಯಾಗಿತ್ತು? ಈ ಪುಸ್ತಕಗಳಲ್ಲಿ ಇದಕ್ಕೆ ಜಾಗವಿಲ್ಲ. ನಾವು ಡಾಕ್ಟರ ಕೈಗುಣಕ್ಕೆ ಓಟು ಹಾಕುತ್ತೇವೆ, ಆಮೇಲೆ ಆ ಕೈಗುಣದ ಬಗ್ಗೆಯೇ ಪುಸ್ತಕ ಬರೆಯುತ್ತೇವೆ. ನಡುವಿನ ಐದು ವರ್ಷ, ಹತ್ತು ವರ್ಷ ಮಾಯ.

ಇದು ಎಲ್ಲ ಕಡೆಯೂ ಇರುವ ರೋಗವೇ. ಆದರೆ ಗಡಿಯಲ್ಲಿ ಇದರ ಬೆಲೆ ಜಾಸ್ತಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ನಾವು ಬೇರೆ ಜಿಲ್ಲೆ. ಉಳಿದ 364 ದಿನ ತುಮಕೂರಿನ ಕೊನೆಯ ಸಾಲು. ಪಾವಗಡದ ಪಾಡು ಇನ್ನೂ ವಿಚಿತ್ರ. ಮೂರು ಕಡೆ ಆಂಧ್ರ, ಒಂದು ಕಡೆ ಚಿತ್ರದುರ್ಗ ಜಿಲ್ಲೆ. ತನ್ನದೇ ಜಿಲ್ಲೆಯ ನೆಲ ಅದಕ್ಕೆ ತಾಗುವುದಿಲ್ಲ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಔಷಧಿ ಚೀಟಿಯಲ್ಲಿ ಇಂಗ್ಲಿಷು. ಕಾಯಿಲೆ ದೊಡ್ಡದಾದರೆ ನಮ್ಮ ಜನ ತುಮಕೂರಿಗೆ ಹೋಗುವ ಬದಲು ಹಿಂದೂಪುರಕ್ಕೋ ಅನಂತಪುರಕ್ಕೋ ಹೋಗುತ್ತಾರೆ. ಹೃದಯದ ಕಾಯಿಲೆಯಾದರೆ ಪುಟ್ಟಪರ್ತಿಯ ಆಸ್ಪತ್ರೆಗೆ. ಸರ್ಕಾರಿ ನೌಕರರ ಬಾಯಲ್ಲಿ ಪಾವಗಡಕ್ಕೆ ವರ್ಗ ಎಂದರೆ ಶಿಕ್ಷೆ ಎಂದೇ ಅರ್ಥ. ಇಂಥ ಕಡೆ ಒಬ್ಬ ಎಂಬಿಬಿಎಸ್ ಡಾಕ್ಟರು ಬಂದು, ನಿಂತು, ತೆಲುಗಿನಲ್ಲೇ "ಏಮಮ್ಮ" ಎಂದು ಮಾತಾಡಿಸಿದರೆ ಸಾಕು, ಆತ ದೇವರು. ಡಾಕ್ಟರು ಎಷ್ಟು ವಿರಳವೋ ಅಷ್ಟು ಋಣ. ಆ ಋಣ ಚುನಾವಣೆಯ ದಿನ ಓಟಾಗುತ್ತದೆ.

ನಮ್ಮಲ್ಲಿ ಡಾಕ್ಟರು ಎಂಬ ಪದಕ್ಕೇ ಒಂದು ತೂಕ. ಮಧುಗಿರಿಯಿಂದ 1989ರಲ್ಲಿ ಮೊದಲ ಬಾರಿ ಗೆದ್ದು, 2008ರಿಂದ ಕೊರಟಗೆರೆಯನ್ನು ಪ್ರತಿನಿಧಿಸುತ್ತ ಬಂದ (2013ರಲ್ಲಿ ಸೋತರು) ಡಾ. ಜಿ. ಪರಮೇಶ್ವರ ಅವರ ಡಾಕ್ಟರೇಟು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಕೃಷಿ ವಿಜ್ಞಾನದಲ್ಲಿ ಪಡೆದದ್ದು. ಅವರು ರೋಗಿಗಳ ನಾಡಿ ಹಿಡಿದವರಲ್ಲ. ಆದರೂ ಹಳ್ಳಿಯಲ್ಲಿ 'ಡಾಕ್ಟ್ರು' ಎಂದರೆ ಒಂದೇ ಗೌರವ, ಒಂದೇ ಧ್ವನಿ. ನಾಳೆ ನನ್ನ ಥೀಸಿಸ್ ಮುಗಿದರೆ ನನಗೂ ಅದರ ಒಂದು ಚೂರು ಸಿಗಬಹುದು ಎಂಬುದು ನನ್ನ ಅಮ್ಮನ ಆಸೆ.

ಈಗ ನನ್ನ ಮನೆಯ ವಿಷಯ ಹೇಳಲೇಬೇಕು. ಫೋನಿನಲ್ಲಿ ಅವರು ಹೇಳಿದ ಹಳೇ ನಂಟು ನಮ್ಮ ಅಜ್ಜಿಯದು.

ಪಾವಗಡ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜಿಯ ಪ್ರಾಯದ ಕಾಲಕ್ಕೆ ಸೇದುವ ಬಾವಿ ಇತ್ತು. ಅದು ಬತ್ತಿದ ಮೇಲೆ ಬೋರ್‌ವೆಲ್ ಬಂತು. ಬೋರು ಆಳಕ್ಕೆ ಹೋದಂತೆ ನೀರು ಸಪ್ಪೆಯಾಯಿತು ಎನ್ನುತ್ತಿದ್ದಳು. ನಲವತ್ತೈದಕ್ಕೆ ಅವಳಿಗೆ ಮಂಡಿ ನೋವು, ಐವತ್ತೈದಕ್ಕೆ ಬೆನ್ನು ಬಿಗಿತ, ಅರವತ್ತು ದಾಟುವ ಹೊತ್ತಿಗೆ ಸೊಂಟದಿಂದ ಮೇಲೆ ನೆಲಕ್ಕೆ ಸಮನಾಗಿ ಬಾಗಿದ್ದಳು. ಎದುರಿಗಿರುವವರ ಮುಖ ನೋಡಬೇಕಾದರೆ ಕತ್ತನ್ನು ಪಕ್ಕಕ್ಕೆ ತಿರುಗಿಸಿ ಓರೆಯಾಗಿ ನೋಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಈ ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದಳು. ನಾಲ್ಕು ದಿನ ನೋವಿಲ್ಲ. "ಅವರ ಕೈಗುಣ ದೊಡ್ಡದು ಕಣೋ" ಎನ್ನುತ್ತಿದ್ದಳು. ಐದನೇ ದಿನ ನೋವು ವಾಪಸ್ಸು ಬಂದಾಗ ತನ್ನ ಹಣೆಬರಹ ಎನ್ನುತ್ತಿದ್ದಳು. ಅಂದರೆ ಗುಣವಾದರೆ ಡಾಕ್ಟರದು, ಆಗದಿದ್ದರೆ ಅವಳದು.

ಅವರು ದುಡ್ಡು ಕೇಳುತ್ತಿರಲಿಲ್ಲ. ಇದನ್ನು ನಾನು ಮರೆಯುವುದಿಲ್ಲ. ನನ್ನ ಅಣ್ಣನ ಕೈ ಮುರಿದಾಗ ಕಟ್ಟು ಹಾಕಿದ್ದೂ ಅವರೇ, ಬಿಟ್ಟಿಯಾಗಿ. ಅವರು ಚುನಾವಣೆಗೆ ನಿಂತಾಗ ಅಜ್ಜಿ ಬಾಗಿದ ಬೆನ್ನಲ್ಲೇ ಒಂದು ಮೈಲಿ ನಡೆದು ಶಾಲೆಯ ಬೂತಿಗೆ ಹೋಗಿ ಓಟು ಹಾಕಿ ಬಂದಳು. ಅವರು ಗೆದ್ದರು. ಬೋರಿನ ನೀರು ಅದೇ ಇತ್ತು.

ಅಜ್ಜಿಯ ಕಾಯಿಲೆಯ ಹೆಸರು ಫ್ಲೋರೋಸಿಸ್. ಅದು ಗುಟ್ಟಿನ ಕಾಯಿಲೆಯೇನಲ್ಲ. ನಮ್ಮ ಸೀಮೆಯ ಗ್ರಾನೈಟ್ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಬಂಡೆಯ ಫ್ಲೋರೈಡ್ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ನಮ್ಮ ದೇಶದ ಮಾನಕದಲ್ಲಿ 1 ಮಿಲಿಗ್ರಾಂ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ, ಆಮೇಲೆ ದೊಡ್ಡವರ ಮೂಳೆ ಬಿಗಿಯುತ್ತದೆ. ಬಾಗಿದ ಬೆನ್ನನ್ನು ನೇರ ಮಾಡುವ ಔಷಧಿ ಇಲ್ಲ. ಇಂಜೆಕ್ಷನ್ ನೋವನ್ನು ಮುಚ್ಚುತ್ತದೆ, ಅಷ್ಟೆ. ಇರುವ ಒಂದೇ ಮದ್ದು, ಬೇರೆ ನೀರು. ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಕಾರಣ ಗೊತ್ತಾದದ್ದಕ್ಕೂ ನದಿಯ ನೀರು ಹೊರಟದ್ದಕ್ಕೂ ನಡುವೆ 88 ವರ್ಷ. ನನ್ನ ಅಜ್ಜಿಯ ಇಡೀ ಬದುಕು ಆ ನಡುವೆ ಮುಗಿಯಿತು.

ಈ ನಡುವೆ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬಂದು ಕುಡಿಯುತ್ತೇವೆ. ಅದೇ ಮನೆಯಲ್ಲಿ ಮುದ್ದೆಗೆ ಎಸರು, ಸಾರಿಗೆ ನೀರು, ಕಾಫಿಗೆ ನೀರು ಬೋರಿನದೇ. ಘಟಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರ ಪೈಕಿ ಒಬ್ಬರಾದರೂ, ಅಡುಗೆಯ ನೀರಿನಿಂದಲೂ ಫ್ಲೋರೈಡ್ ಮೈಗೆ ಹೋಗುತ್ತದೆ ಎಂದು ನಮ್ಮ ಹಳ್ಳಿಯ ಹೆಂಗಸರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಲು ಅರ್ಹತೆ ಇದ್ದವರು ಡಾಕ್ಟರು. ಹೇಳಿ ವ್ಯವಸ್ಥೆ ಮಾಡಿಸಲು ಅಧಿಕಾರ ಇದ್ದವರು ಜನಪ್ರತಿನಿಧಿ. ಎರಡೂ ಒಬ್ಬರೇ ಆಗಿದ್ದಾಗಲೂ ನಮಗೆ ಸಿಕ್ಕಿದ್ದು ಇಂಜೆಕ್ಷನ್.

ಇಲ್ಲಿಂದ ಸಿರಾಕ್ಕೆ ಬರುತ್ತೇನೆ. 2020ರ ಆಗಸ್ಟ್‌ನಲ್ಲಿ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡರು. ನವೆಂಬರಿನಲ್ಲಿ ಉಪಚುನಾವಣೆ. ಕೊರೊನಾ ಕಾಲ, ಮಾಸ್ಕು ಹಾಕಿಕೊಂಡು ಓಟು. ಬಿಜೆಪಿಯಿಂದ ನಿಂತು ಗೆದ್ದವರು ಡಾ. ಸಿ.ಎಂ. ರಾಜೇಶ್ ಗೌಡ, ವೃತ್ತಿಯಲ್ಲಿ ರೇಡಿಯಾಲಜಿಸ್ಟ್, ಮಾಜಿ ಸಂಸದ ಸಿ.ಪಿ. ಮೂಡಲಗಿರಿಯಪ್ಪ ಅವರ ಮಗ. ಆ ಪಕ್ಷಕ್ಕೆ ಸಿರಾದಲ್ಲಿ ಅದು ಮೊದಲ ಗೆಲುವು. 2023ರಲ್ಲಿ ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರ ಎದುರು ಅವರು ಸೋತರು. ಉಪಚುನಾವಣೆಯ ದೊಡ್ಡ ಮಾತು ನೀರೇ ಆಗಿತ್ತು. ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುತ್ತೇವೆ ಎಂದು ಸ್ವತಃ ಮುಖ್ಯಮಂತ್ರಿ ಯಡಿಯೂರಪ್ಪ ಬಂದು ಮಾತು ಕೊಟ್ಟರು.

ನನಗೆ ಆಗಲೂ ಈಗಲೂ ಕಾಡುವುದು ಇನ್ನೊಂದು ಸಂಗತಿ. ರೇಡಿಯಾಲಜಿಸ್ಟ್ ಎಂದರೆ ಎಕ್ಸ್‌ರೇ ಓದುವವರು. ಫ್ಲೋರೋಸಿಸ್ ಆದವರ ಮೂಳೆ ಎಕ್ಸ್‌ರೇಯಲ್ಲಿ ಇರಬೇಕಾದ್ದಕ್ಕಿಂತ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಸುಣ್ಣಗಟ್ಟಿರುತ್ತದೆ. ಊರಿನ ಬೋರಿನ ಕಥೆಯನ್ನು ಮೂಳೆಯಲ್ಲಿ ಓದಬಲ್ಲ ಜ್ಞಾನ ಅದು. ಒಂದು ಕೆರೆಗೆ ನೀರು ಬರುತ್ತದೋ ಇಲ್ಲವೋ ಎಂದು ಹೇಳಲು ಎಲ್ಲ ಪಕ್ಷದಲ್ಲೂ ಜನ ಇದ್ದರು. ಇರುವ ನೀರು ಮೈಯೊಳಗೆ ಏನು ಮಾಡುತ್ತಿದೆ ಎಂದು ಹೇಳಬಲ್ಲ ಅಭ್ಯರ್ಥಿ ಒಬ್ಬರೇ ಇದ್ದರು. ನಾವು ಅವರನ್ನು ಅದನ್ನು ಕೇಳಲಿಲ್ಲ. ಟಿವಿಯವರು ಕೇಳಿದ್ದು ಜಾತಿ ಲೆಕ್ಕ. ಅಂಕಣಕಾರರು ಬರೆದದ್ದು ಯಾವ ನಾಯಕನ ಮಗ ಎಷ್ಟು ದಿನ ಸಿರಾದಲ್ಲಿ ಬೀಡುಬಿಟ್ಟಿದ್ದ ಎಂದು. ಕ್ಯಾಂಪಸ್ಸಿನಲ್ಲಿ ಕೂತು ರಾತ್ರಿಯಿಡೀ ಚರ್ಚೆ ಮಾಡಿದ ನಾವೂ ಕೇಳಲಿಲ್ಲ. ಇದು ಆ ವೈದ್ಯರ ಮೇಲಿನ ದೂರಲ್ಲ. ಡಾಕ್ಟರು ಎಂಬುದನ್ನು ನಾವು ಹೆಸರಿನ ಹಿಂದಿನ ಎರಡಕ್ಷರವಾಗಿ, ಸಜ್ಜನಿಕೆಯ ಸರ್ಟಿಫಿಕೇಟಾಗಿ ಮಾತ್ರ ನೋಡಿದೆವು ಎಂಬ ನಮ್ಮ ಮೇಲಿನ ದೂರು.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ. ಕುಣಿಗಲ್ಲಿನ ಶಾಸಕ ಡಾ. ಎಚ್.ಡಿ. ರಂಗನಾಥ್ ಮೂಳೆ ತಜ್ಞರು. ಶಾಸಕರಾದ ಮೇಲೂ ಬಡ ಮಹಿಳೆಯೊಬ್ಬರಿಗೆ ತಾವೇ ಶಸ್ತ್ರಚಿಕಿತ್ಸೆ ಮಾಡಿದರು ಎಂದು ಪತ್ರಿಕೆಗಳಲ್ಲಿ ಬಂತು. ಎಲ್ಲರೂ ಮೆಚ್ಚಿದರು. ಆ ಮಹಿಳೆಗೆ ಒಳ್ಳೆಯದಾಯಿತು, ಅದಕ್ಕೆ ಯಾರೂ ಕಲ್ಲು ಹಾಕಬಾರದು. ಆದರೆ ಮೆಚ್ಚಿದ ನಮ್ಮ ಕಡೆ ಒಂದು ಪ್ರಶ್ನೆ ತಿರುಗಲಿ. ಒಂದು ತಾಲ್ಲೂಕಿನಲ್ಲಿ ಬಡವರ ಮೂಳೆಯ ಆಪರೇಷನ್ ಆಗಬೇಕಾದರೆ ಶಾಸಕರೇ ಕತ್ತರಿ ಹಿಡಿಯಬೇಕು ಎಂದರೆ, ಅದು ಹೆಮ್ಮೆಯ ಸುದ್ದಿಯೋ ಅಲಾರಂ ಗಂಟೆಯೋ? ಆಪರೇಷನ್ ಮಾಡಲು ರಾಜ್ಯದಲ್ಲಿ ಸಾವಿರಾರು ಮೂಳೆ ತಜ್ಞರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಕಾಯಂ ಮೂಳೆ ತಜ್ಞ, ಅರಿವಳಿಕೆ ತಜ್ಞ, ಸಲಕರಣೆ ಎಲ್ಲ ಬರುವ ಹಾಗೆ ಸದನದಲ್ಲಿ ಕೂತು ಹಟ ಹಿಡಿಯಲು ಆ ಕ್ಷೇತ್ರಕ್ಕೆ ಇರುವುದು ಒಬ್ಬರೇ ಶಾಸಕರು. ಮೊದಲನೆಯದು ಫೋಟೊ ಆಗುತ್ತದೆ. ಎರಡನೆಯದು ಆದರೆ ಸುದ್ದಿಯೇ ಆಗುವುದಿಲ್ಲ. ರೋಗಿ ಆಸ್ಪತ್ರೆಗೆ ಹೋಗಿ ವಾಸಿಯಾಗಿ ಮನೆಗೆ ಬರುತ್ತಾರೆ, ಯಾರಿಗೂ ಋಣಿಯಾಗದೆ. ಯಾರಿಗೂ ಋಣಿಯಾಗದ ರೋಗಿಯನ್ನು ಕಂಡರೆ ನಮ್ಮ ರಾಜಕಾರಣಕ್ಕೆ ಭಯ.

ಡಾಕ್ಟರನ್ನು ಆರಿಸಿದರೆ ಆರೋಗ್ಯ ಇಲಾಖೆ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ಪಾವಗಡ ಕಂಡುಂಡಿದೆ. 2022ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರಲ್ಲಿ ಮೂವರು ತೀರಿಕೊಂಡರು. ಆಗ ರಾಜ್ಯದ ಆರೋಗ್ಯ ಸಚಿವರಾಗಿದ್ದವರು ಎಂಬಿಬಿಎಸ್ ಓದಿದ ಡಾ. ಕೆ. ಸುಧಾಕರ್, ಚಿಕ್ಕಬಳ್ಳಾಪುರದವರು. ಸಿಬ್ಬಂದಿಯ ಮೇಲೆ ಕ್ರಮವಾಯಿತು. ಸುದ್ದಿ ಒಂದು ವಾರ ಇತ್ತು, ಆಮೇಲೆ ಇರಲಿಲ್ಲ. ಸಚಿವರು ಡಾಕ್ಟರೋ ಲಾಯರೋ ಎಂಬುದರಿಂದ ಆ ಮೂರು ಮನೆಗೆ ಏನೂ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸ ಆಗುವುದು ಇಲಾಖೆಯಿಂದ, ತಜ್ಞರ ಖಾಲಿ ಹುದ್ದೆ ತುಂಬುವುದರಿಂದ, ಗಡಿ ತಾಲ್ಲೂಕಿಗೂ ಬೆಂಗಳೂರಿಗೂ ಒಂದೇ ಅಳತೆಗೋಲು ಇಡುವುದರಿಂದ.

ಹಾಗಾದರೆ ವೈದ್ಯರು ರಾಜಕೀಯಕ್ಕೆ ಬರಬಾರದೇ? ಬರಬೇಕು. ಆದರೆ ಯಾಕೆ ಬರಬೇಕು ಎಂಬುದನ್ನು ಹೇಳಲು ನನಗೆ ಸಿಕ್ಕಿದ ಒಳ್ಳೆಯ ಕಥೆ ಇನ್ನೊಂದು ಗಡಿಯದು. 1848ರ ಆರಂಭದಲ್ಲಿ ಪ್ರಷ್ಯ ಸರ್ಕಾರ ರುಡಾಲ್ಫ್ ವಿರ್ಶೋ ಎಂಬ ವೈದ್ಯನನ್ನು ಅಪ್ಪರ್ ಸೈಲೀಸಿಯ ಎಂಬ ಗಡಿ ಪ್ರಾಂತ್ಯಕ್ಕೆ ಕಳಿಸಿತು. ಅಲ್ಲಿ ಟೈಫಸ್ ಜ್ವರದಿಂದ ಜನ ಸಾಯುತ್ತಿದ್ದರು. ಆಗ ಅವನಿಗೆ 26 ವರ್ಷ, ನನಗಿಂತ ಚಿಕ್ಕವನು. ಆ ಸೀಮೆಯ ಬಡವರ ಮನೆಮಾತು ಪೋಲಿಷ್, ಆಳುವವರ ಮಾತು ಜರ್ಮನ್. ಪಾವಗಡದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವೇ ವಾರ ಓಡಾಡಿ ಬಂದು ಅವನು ಬರೆದ ವರದಿಯಲ್ಲಿ ಸರ್ಕಾರ ಬಯಸಿದ ಔಷಧಿಯ ಪಟ್ಟಿ ಇರಲಿಲ್ಲ. ಜನಕ್ಕೆ ಸ್ವಾತಂತ್ರ್ಯ ಕೊಡಿ, ಶಾಲೆ ಕೊಡಿ, ಅವರ ಭಾಷೆಗೆ ಮನ್ನಣೆ ಕೊಡಿ, ರಸ್ತೆ ಮಾಡಿ, ಬೇಸಾಯ ಸುಧಾರಿಸಿ, ತೆರಿಗೆಯ ಭಾರವನ್ನು ಬಡವರ ಹೆಗಲಿಂದ ಇಳಿಸಿ ಎಂದು ಬರೆದ. ಅದೇ ವರ್ಷ ಬರ್ಲಿನ್ನಿನ ಕ್ರಾಂತಿಯಲ್ಲಿ ಸೇರಿದ, ಮರುವರ್ಷ ಕೆಲಸಕ್ಕೆ ಕುತ್ತು ತಂದುಕೊಂಡು ಬರ್ಲಿನ್ ಬಿಟ್ಟು ಹೋಗಬೇಕಾಯಿತು. ಮುಂದೆ ವಾಪಸ್ಸು ಬಂದು 1859ರಲ್ಲಿ ಬರ್ಲಿನ್ ನಗರಸಭೆಗೆ ಆಯ್ಕೆಯಾದ. 1902ರಲ್ಲಿ ಸಾಯುವವರೆಗೂ ಅಲ್ಲಿದ್ದ.

ನಗರಸಭೆಯಲ್ಲಿ ಕೂತು ಅವನು ರೋಗಿಗಳ ನಾಡಿ ನೋಡಲಿಲ್ಲ. ಬರ್ಲಿನ್ನಿಗೆ ಒಳಚರಂಡಿ ಬೇಕೆಂದು ವಾದಿಸಿದ, ಮಾಡಿಸಿದ. ನಗರಕ್ಕೆ ಆಸ್ಪತ್ರೆಗಳು ಬೇಕೆಂದು ಹೋರಾಡಿದ. ಜೀವಕೋಶದ ರೋಗಶಾಸ್ತ್ರವನ್ನು ಕಟ್ಟಿದ ವಿಜ್ಞಾನಿಗೆ ಮೋರಿಯ ಅಳತೆ ಚರ್ಚಿಸುವುದು ಕೀಳು ಕೆಲಸ ಎನ್ನಿಸಲಿಲ್ಲ. ಕ್ಲಿನಿಕ್ಕಿನಲ್ಲಿ ಕಂಡ ಕಾಯಿಲೆಯ ಬೇರು ಕ್ಲಿನಿಕ್ಕಿನ ಹೊರಗಿದೆ, ಅಲ್ಲಿಗೆ ತನ್ನ ಕೈ ತಲುಪುವುದಿಲ್ಲ ಎಂದು ಗೊತ್ತಾದಾಗ ವೈದ್ಯನಾದವನು ರಾಜಕೀಯಕ್ಕೆ ಬರಬೇಕು. ಜನಪ್ರೀತಿ ಇದೆ, ಕ್ಷೇತ್ರ ಖಾಲಿ ಇದೆ ಎಂದು ಬರುವುದು ಬೇರೆ.

ಕನ್ನಡದಲ್ಲೇ ಇಂಥ ಬದುಕು ಇಲ್ಲದಿಲ್ಲ. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರ್ ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಾರ್ವಜನಿಕ ಆರೋಗ್ಯ ಓದಿದರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದರು. 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. ನಾನು ಶಾಲೆಯಲ್ಲಿ ಕೇಳಿದ ಹರ್ಡೀಕರರಲ್ಲಿ ಬಿಳಿ ಟೋಪಿ ಇತ್ತು, ಕವಾಯತು ಇತ್ತು, ಜೈಲು ಇತ್ತು. ಸಾರ್ವಜನಿಕ ಆರೋಗ್ಯ ಓದಿಬಂದ ಮನುಷ್ಯ ಎಂಬ ಸಾಲೇ ಇರಲಿಲ್ಲ. ಒಂದು ಕಡೆ ರಾಜಕೀಯ ಬಿಟ್ಟು ವೈದ್ಯನನ್ನು ಬರೆಯುತ್ತೇವೆ, ಇನ್ನೊಂದು ಕಡೆ ವೈದ್ಯವಿದ್ಯೆ ಬಿಟ್ಟು ರಾಜಕಾರಣಿಯನ್ನು ಬರೆಯುತ್ತೇವೆ. ಎರಡನ್ನೂ ಜೋಡಿಸಿ ಒಂದೇ ಬದುಕಾಗಿ ನೋಡುವ ಅಭ್ಯಾಸ ಕನ್ನಡದ ಜೀವನಚರಿತ್ರೆಗೆ ಬಂದಿಲ್ಲ. ಇದು ಸಾಹಿತ್ಯದ ಸೋಲೂ ಹೌದು. ಪ್ರಶಂಸೆಗಿಂತ ಆಚೆ ಬೆಳೆಯದ ಪ್ರಕಾರ ನಿಧಾನವಾಗಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಸಾಲಿಗೆ ಸೇರುತ್ತದೆ.

ಇದನ್ನೆಲ್ಲ ಗೆಳೆಯರ ಮುಂದೆ ಹೇಳಿದಾಗ ಬಂದ ಮಾತುಗಳನ್ನೂ ಇಲ್ಲಿ ಇಡುತ್ತೇನೆ. ಮೊದಲನೆಯದು: ರಿಯಲ್ ಎಸ್ಟೇಟಿನವರು, ಮರಳು, ಗಣಿಯವರು ನಿಲ್ಲುವ ಕಡೆ ಒಬ್ಬ ಡಾಕ್ಟರು ನಿಂತರೆ ಅದೇ ದೊಡ್ಡದಲ್ಲವೇ? ದೊಡ್ಡದೇ. ಆದರೆ ಕೆಟ್ಟವರಿಗಿಂತ ವಾಸಿ ಎಂಬುದು ಒಬ್ಬ ಡಾಕ್ಟರಿಗೆ ಇಡಬೇಕಾದ ಅಳತೆಯೇ? ನಾವು ಆಪರೇಷನ್ ಮಾಡುವವರನ್ನು ಕಟುಕನಿಗಿಂತ ವಾಸಿ ಎಂದು ಆರಿಸುವುದಿಲ್ಲ.

ಎರಡನೆಯದು: ಪಾಪ, ಒಬ್ಬ ಶಾಸಕ ಏನು ಮಾಡಿಯಾನು, ದುಡ್ಡು ಬೆಂಗಳೂರಿನಲ್ಲಿದೆ, ಗಡಿ ದೂರ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ನೀರು ಇವೆಲ್ಲ ಸಂವಿಧಾನದ ಪ್ರಕಾರ ರಾಜ್ಯದ ಪಟ್ಟಿಯಲ್ಲಿವೆ. ಅಂದರೆ ಶಾಸಕರು ಕೂರುವ ಸದನದ ಕೆಲಸವೇ ಅದು. ಇನ್ನು ದೂರದ ಮಾತು. ಪಾವಗಡದ ತಿರುಮಣಿ ಸುತ್ತ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬರುವಾಗ ಗಡಿ ಯಾರಿಗೂ ದೂರವಾಗಲಿಲ್ಲ. 2018ರಲ್ಲಿ ಉದ್ಘಾಟನೆಯಾಯಿತು, ಕೆಲವೇ ವರ್ಷದಲ್ಲಿ ಪೂರ್ತಿಯಾಯಿತು. ನಮ್ಮ ಬಿಸಿಲನ್ನು ತರುವ ತಂತಿಗೆ ದಾರಿ ಸಿಕ್ಕಿತು. ನಮಗೆ ನೀರು ತರುವ ಪೈಪು ಮಾತ್ರ ದಶಕಗಟ್ಟಲೆ ದಾರಿ ಹುಡುಕಿತು. ಅಂಥ ಹೊತ್ತಿನಲ್ಲಿ ಮಂತ್ರಿಯ ಎದುರು ನಿಂತು, ನಾನು ಡಾಕ್ಟರು, ಈ ಮೂಳೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ನಿಮ್ಮ ಅಧಿಕಾರಿ ಬರೆದುಕೊಟ್ಟ ಉತ್ತರ ಸುಳ್ಳು ಎಂದು ಹೇಳಬಲ್ಲ ಸದಸ್ಯರಿಗೆ ಇರುವ ಬಲ ಬೇರೆ ಯಾರಿಗಿದೆ?

ಮೂರನೆಯದು, ಅಮ್ಮ ಕೇಳಿದ್ದು: "ಉಪಕಾರ ಮಾಡಿದೋರ ಬಗ್ಗೆ ಹೀಗೆಲ್ಲ ಬರೀತಾರಾ?" ಇದಕ್ಕೆ ಉತ್ತರ ಕಷ್ಟ. ಅಣ್ಣನ ಕೈ ಇವತ್ತು ನೆಟ್ಟಗಿದೆ. ಆದರೆ ಅಮ್ಮ, ಋಣಕ್ಕೆ ಕೊಡಬೇಕಾದ್ದು ಕೃತಜ್ಞತೆ. ಹಬ್ಬಕ್ಕೆ ಹೋಳಿಗೆ ಕಳಿಸೋಣ, ಕಂಡಾಗ ಕಾಲಿಗೆ ಬೀಳೋಣ. ಓಟು ಋಣದ ಬಾಬ್ತಲ್ಲ. ಅದು ಮುಂದಿನ ಐದು ವರ್ಷಕ್ಕೆ ಕೊಡುವ ಕೆಲಸ. ಅಜ್ಜಿ ಕೊಟ್ಟ ಕೆಲಸ ಏನಾಯಿತು ಎಂದು ಅವಳ ಪರವಾಗಿ ಯಾರಾದರೂ ಕೇಳಬೇಕು.

ಹಾಗಾದರೆ ಗಡಿಯ ಡಾಕ್ಟರೊಬ್ಬರು ರಾಜಕೀಯಕ್ಕೆ ಬಂದ ಕಥೆಯನ್ನು ಹೇಗೆ ಬರೆಯಬೇಕು? ಲಾಟೀನಿನ ರಾತ್ರಿಯನ್ನು ಬರೆಯೋಣ. ಅದರ ಜೊತೆಗೆ, ಆ ಊರಿಗೆ ರಾತ್ರಿ ಲಾಟೀನು ಹಿಡಿದೇ ಯಾಕೆ ಹೋಗಬೇಕಾಗಿತ್ತು, ಅವರು ಅಧಿಕಾರ ಬಿಟ್ಟ ದಿನ ಅಲ್ಲಿಗೆ ದೀಪ ಬಂದಿತ್ತೇ, ಹೆರಿಗೆಗೆ ನರ್ಸ್ ಇದ್ದಳೇ ಎಂದೂ ಬರೆಯೋಣ. ಶಾಸಕರಾಗಿದ್ದರೆ ವಿಧಾನಸಭೆಯ ನಡಾವಳಿಗಳನ್ನು ತೆಗೆದು ಓದೋಣ. ಅವು ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿವೆ. ಪಂಚಾಯಿತಿಯಲ್ಲಿದ್ದರೆ ಸಭೆಯ ಠರಾವು ಪುಸ್ತಕ ಕೇಳೋಣ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ನೀರಿನ ಬಗ್ಗೆ ಎಷ್ಟು ಚುಕ್ಕೆ ಗುರುತಿನ ಪ್ರಶ್ನೆ, ಖಾಲಿ ಹುದ್ದೆಯ ಬಗ್ಗೆ ಎಷ್ಟು ಪತ್ರ ಎಂದು ಎಣಿಸೋಣ. ಸಾಹಿತ್ಯದ ವಿದ್ಯಾರ್ಥಿಗೆ ಇದು ಕೆಲಸವೇ ಎಂದು ಕೇಳಬೇಡಿ. ಪಾಠಾಂತರ ಹುಡುಕಲು ತಾಳೆಗರಿ ತಿರುವುವ ತಾಳ್ಮೆ ನಮಗಿದೆ. ಆ ತಾಳ್ಮೆಯನ್ನು ಬದುಕಿರುವವರ ದಾಖಲೆಗೂ ಸ್ವಲ್ಪ ಕೊಡೋಣ.

ನಾನು ಸಮಿತಿಗೆ ನಾಲ್ಕು ಪುಟ ಬರೆದು ಕಳಿಸಿದೆ. ಮೊದಲ ಪುಟದಲ್ಲಿ ಅಣ್ಣನ ಕೈ, ಬಿಟ್ಟಿ ಇಂಜೆಕ್ಷನ್, ಬಸ್ ಚಾರ್ಜು ಎಲ್ಲ ಇದೆ; ಅದರಲ್ಲಿ ಒಂದೂ ಸುಳ್ಳಲ್ಲ. ಉಳಿದ ಮೂರು ಪುಟದಲ್ಲಿ ಅವರ ಎರಡು ಅವಧಿಯ ಬಗ್ಗೆ ಪ್ರಶ್ನೆಗಳಿವೆ. ಅವರು ಇನ್ನೂ ಗಟ್ಟಿಯಾಗಿದ್ದಾರೆ, ನೆನಪು ಚೆನ್ನಾಗಿದೆ. ಉತ್ತರವನ್ನು ಅವರ ಮಾತಿನಲ್ಲೇ ಪುಸ್ತಕದಲ್ಲಿ ಹಾಕಿ ಎಂದು ಕೇಳಿಕೊಂಡಿದ್ದೇನೆ. ಬೋರಿನ ನೀರನ್ನು ಒಮ್ಮೆಯಾದರೂ ಪರೀಕ್ಷೆಗೆ ಕಳಿಸಿದ್ದಿರಾ ಡಾಕ್ಟ್ರೇ ಎಂಬುದು ಅದರಲ್ಲಿ ಮೊದಲನೆಯದು. ಕಳಿಸಿದ್ದರೆ ಆ ಉತ್ತರವೇ ಇಡೀ ಗ್ರಂಥದ ಒಳ್ಳೆಯ ಅಧ್ಯಾಯವಾಗುತ್ತದೆ, ನಾನೇ ಕೂತು ಬರೆದುಕೊಡುತ್ತೇನೆ.

ಸಮಿತಿಯವರಿಂದ ಇನ್ನೂ ಫೋನ್ ಬಂದಿಲ್ಲ.